ಮೆದೆಯ ಮುಖ

ಹುಲ್ಲಿನ ಮೆದೆಯನ್ನು ದಾರಿಯಲ್ಲೇ ನಿಂತು ನೋಡಿ, ಇದು ಇನ್ನೆಷ್ಟು ವಾರಕ್ಕೆ ಬಂದೀತು ಎಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಆಲೂರು ಸೀಮೆಯಲ್ಲೇ ಇಲ್ಲ ಎಂದು ನಾನು ನಂಬಿಕೊಂಡಿದ್ದೆ. ನಂಬಿಕೊಂಡು ಸುಮ್ಮನಾದರೂ ಇದ್ದೆನೇ? ಅದೂ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಕೊಂಡು ತಿರುಗಿದ್ದೆ. ನಮ್ಮಪ್ಪ ಮೆದೆ ಒಟ್ಟುವುದರಲ್ಲಿ ಹೆಸರಾಗಿದ್ದವನು. ಸುಗ್ಗಿ ಮುಗಿದರೆ ಸುತ್ತಲ ಊರಿನವರು ಬಾಗಿಲಿಗೆ ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ಮೆದೆಯ ಮೇಲೆ, ನಾನು ಕೆಳಗೆ. ಒಂದೊಂದೇ ಕಂತೆ ಎಸೆದು ಎಸೆದು ಬೆಳೆದವಳು. ಅಂಥವಳಿಗೆ ಮೆದೆಯ ಲೆಕ್ಕ ಯಾರು ಹೇಳಿಕೊಡಬೇಕು? ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ನನ್ನ ಕೆಲಸಕ್ಕೆ ಕಾಗದದಲ್ಲಿ ಉದ್ದನೆಯ ಹೆಸರಿದೆ. ನಾನು ಬರ ನೋಡುವ ಕೆಲಸ ಎನ್ನುತ್ತೇನೆ. ಆಲೂರಿನಿಂದ ಹಿಡಿದು ಬಾಳ್ಳುಪೇಟೆ ಆಚೆಯವರೆಗೆ ಹನ್ನೆರಡು ಊರು. ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಹೋಗಿ, ಗೊತ್ತು ಮಾಡಿದ ಮನೆಗಳಲ್ಲಿ ವಿಚಾರಿಸಿ ಫೋನಿನಲ್ಲಿ ತುಂಬಬೇಕು. ಕೆರೆಯಲ್ಲಿ ನೀರೆಷ್ಟು, ಕೊಟ್ಟಿಗೆಯಲ್ಲಿ ದನ ಎಷ್ಟು, ಮೇವು ಎಷ್ಟು ವಾರಕ್ಕಿದೆ, ಮನೆಯವರು ನಿನ್ನೆ ಎಷ್ಟು ಹೊತ್ತು ಉಂಡರು. ಕೊನೆಗೆ ಒಂದು ಫೋಟೊ. ಮೆದೆಯ ಪಕ್ಕ ಮನೆಯವರೊಬ್ಬರು ನಿಂತಿರಬೇಕು, ಮನೆಯ ಬಾಗಿಲೂ ಕಾಣಬೇಕು. ಇವಳು ಮನೆಯಲ್ಲೇ ಕೂತು ಬಾಯಿಗೆ ಬಂದದ್ದು ತುಂಬಿಬಿಟ್ಟಾಳು ಎಂಬ ಅನುಮಾನಕ್ಕೆ ಮಾಡಿದ ನಿಯಮ ಅದು. ನಾನು ಕಳಿಸಿದ್ದನ್ನು ಸಕಲೇಶಪುರದ ಕಚೇರಿಯಲ್ಲಿ ಒಟ್ಟು ಮಾಡಿದರೆ ನಕ್ಷೆಯ ಮೇಲೆ ಪ್ರತಿ ಊರಿಗೂ ಒಂದು ಬಣ್ಣ ಬರುತ್ತದೆ. ಹಸಿರು ಬಂದರೆ ತೊಂದರೆಯಿಲ್ಲ. ಕೆಂಪು ಬಂದ ಊರಿಗೆ ಮೇವಿನ ಲಾರಿ ಹೋಗುತ್ತದೆ.

ಸಕಲೇಶಪುರದ ಮಗ್ಗುಲಲ್ಲಿ ಬರ ಎಂದರೆ ಹೊರಗಿನವರು ನಗುತ್ತಾರೆ. ನಿಮ್ಮ ಕಡೆ ಕೊಡೆ ಮಡಿಸುವುದಕ್ಕೇ ಪುರುಸೊತ್ತಿಲ್ಲವಲ್ಲ ಎನ್ನುತ್ತಾರೆ. ಆ ವರ್ಷ ಬಂದು ನೋಡಬೇಕಿತ್ತು. ಮುಂಗಾರು ಬಂದ ಹಾಗೆ ಮಾಡಿ ಹೋಗಿತ್ತು, ಹಿಂಗಾರು ಅದನ್ನೂ ಮಾಡಲಿಲ್ಲ. ಎಸ್ಟೇಟಿನವರು ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ತಿರುಗಿಸುತ್ತಿದ್ದರೆ, ಬೇಲಿಯ ಈಚೆ ಗದ್ದೆಯ ಬಿರುಕಿನಲ್ಲಿ ನನ್ನ ಪಾದ ಪೂರ್ತಿ ಇಳಿಯುತ್ತಿತ್ತು. ಗೋಮಾಳದಲ್ಲಿ ಲಂಟಾನ ಬಿಟ್ಟರೆ ಹಸಿರೇ ಇರಲಿಲ್ಲ. ಮೇಯಲು ಬಿಟ್ಟ ದನಗಳು ಮಣ್ಣು ಮೂಸಿ ವಾಪಸು ಬರುತ್ತಿದ್ದವು. ಹಿಂದಿನ ವರ್ಷದ ಹಳೇ ಹುಲ್ಲಿನ ಮೇಲೆ ಆ ವರ್ಷದ ಅಷ್ಟಿಷ್ಟು ಹುಲ್ಲು ಹೊದಿಸಿ ಎಲ್ಲರೂ ಮೆದೆ ಒಟ್ಟಿಕೊಂಡಿದ್ದರು. ದನಗಳಿಗೆ ಉಳಿದಿದ್ದ ಆಧಾರ ಅದೊಂದೇ.

ನನ್ನ ಹನ್ನೆರಡು ಊರುಗಳಲ್ಲಿ ಒಂದು ನಮ್ಮಕ್ಕನದು. ಅವಳು ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಅವಳೂ ಮಗನೂ ಸೇರಿ ಎರಡು ಎಕರೆ ಗದ್ದೆ ಮತ್ತು ನಾಲ್ಕು ಗಿಡ್ಡ ಹಸು ನೋಡಿಕೊಂಡಿದ್ದರು. ಮೂರು ಹಸುಗಳ ಹಾಲು ಬತ್ತಿತ್ತು. ನಾಲ್ಕನೆಯದು, ಕೆಂದು ಹಸು, ಗಬ್ಬವಾಗಿತ್ತು. ಅದು ಈದರೆ ಮನೆಗೆ ಹಾಲು, ಮಜ್ಜಿಗೆ ಎಲ್ಲ. ಅಕ್ಕನಿಗೆ ಆ ಹಸುವೆಂದರೆ ಪ್ರಾಣ. ಇನ್ನೊಂದು ಪ್ರಾಣ ಮಗ. ಅವನಿಗಾಗಲೇ ಮೂವತ್ತೆರಡು. ಬೇಸಾಯ ಮಾಡುವವನಿಗೆ ಈಗ ಹೆಣ್ಣು ಕೊಡುವವರು ಯಾರು? ಐದು ವರ್ಷ ಹುಡುಕಿ ಹುಡುಕಿ ಅಕ್ಕನ ಚಪ್ಪಲಿ ಸವೆದಿತ್ತು. ಕೊನೆಗೆ ಬಾಳ್ಳುಪೇಟೆ ಆಚೆಯ ಊರಿನ ಒಂದು ಮನೆಯವರು, ಹುಡುಗ ಒಪ್ಪಿಗೆ, ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಬಂದು ಮನೆ ನೋಡುತ್ತೇವೆ ಎಂದಿದ್ದರು.

ಮನೆ ನೋಡುವುದು ಎಂದರೆ ನಮ್ಮಲ್ಲಿ ಗೋಡೆ ಹೆಂಚು ನೋಡುವುದಲ್ಲ. ಬಂದ ಹಿರಿಯರು ಕಾಲು ತೊಳೆಯುವುದಕ್ಕೆ ಮೊದಲೇ ಮೆದೆಯನ್ನೂ ತಿಪ್ಪೆಯನ್ನೂ ನೋಡುತ್ತಾರೆ. ಮೆದೆ ದಪ್ಪಗಿದ್ದರೆ ಆ ಮನೆಯಲ್ಲಿ ದುಡಿಯುವ ಕೈಯಿದೆ, ಹುಡುಗಿ ಉಪವಾಸ ಬೀಳುವುದಿಲ್ಲ ಎಂದು ಲೆಕ್ಕ. ಅಕ್ಕನ ಮೆದೆ ಊರಿಗೇ ದಪ್ಪ.

ಸಂಕ್ರಾಂತಿ ಕಳೆದಾಗಿನಿಂದ ವಾರ ವಾರವೂ ನಮ್ಮಿಬ್ಬರದು ಒಂದೇ ಮಾತುಕತೆ.

“ನಿಲ್ಲಕ್ಕ ಮೆದೆ ಪಕ್ಕ. ಸ್ವಲ್ಪ ನಗು, ಸರ್ಕಾರ ನೋಡ್ತೈತೆ.”

“ಸರ್ಕಾರಕ್ಕೆ ನನ್ ಮೂತಿ ಕಟ್ಕಂಡು ಏನಾಗ್ಬೇಕು? ಮೆದೆ ಹಿಡ್ಕಳೆ ಸುಮ್ನೆ.”

“ಮೇವು ಎಷ್ಟು ವಾರಕ್ಕೈತೆ?”

“ನೀನೇ ಹೇಳ್ತೀಯಲ್ಲ, ಮೆದೆ ಮೇಡಮ್ಮು.”

“ಎಂಟು ವಾರ ಅಂತ ಹಾಕ್ತೀನಿ. ನಿನ್ನೆ ಎಷ್ಟೊತ್ತು ಉಂಡ್ರಿ?”

“ಮೂರೊತ್ತು ಕಣೆ. ನಾಕೊತ್ತು ಉಣ್ಣಕಾಯ್ತದ?”

ಮೆದೆ ಮೇಡಮ್ ಎಂದು ನನಗೆ ಹನ್ನೆರಡು ಊರಿನಲ್ಲೂ ಹೆಸರು ಬಿದ್ದಿತ್ತು. ಒಳಗೊಳಗೇ ಖುಷಿಯೂ ಇತ್ತು ಅನ್ನಿ. ಫಾರಂ ಮುಗಿಯುವಷ್ಟರಲ್ಲಿ ಅಕ್ಕ ಮುದ್ದೆ, ಸೊಪ್ಪಿನ ಸಾರು ತಂದು ಜಗುಲಿಯ ಮೇಲೆ ಇಡುತ್ತಿದ್ದಳು. ನೀನೂ ಕೂತ್ಕೊ ಎಂದರೆ, “ನಂದಾಯ್ತು, ನೀನ್ ಉಣ್ಣು” ಎನ್ನುತ್ತಿದ್ದಳು. ನಾನು ಉಂಡು ತೇಗಿ ಮುಂದಿನ ಊರಿಗೆ ಹೊರಡುತ್ತಿದ್ದೆ. ಒಂದು ದಿನ ಅವಳು ಅಂಗಳದ ಬಾನಿಯಲ್ಲಿ ಮುಸುರೆಯ ಜೊತೆಗೆ ದೊಡ್ಡ ಚೊಂಬಿನ ತುಂಬ ರಾಗಿ ಅಂಬಲಿ ಸುರಿದು ಕೆಂದು ಹಸುವಿಗೆ ಇಡುತ್ತಿದ್ದಳು. “ಬಸುರಿ ಹೆಂಗಸಿಗೂ ಯಾರೂ ಇಷ್ಟು ಉಪಚಾರ ಮಾಡಲ್ಲ ಕಣಕ್ಕ” ಎಂದು ರೇಗಿಸಿದೆ. ಅವಳು ಹಸುವಿನ ಕುತ್ತಿಗೆ ನೀವುತ್ತಾ ನಕ್ಕಳು.

ವಾರ ಕಳೆದರೂ ಮೆದೆ ಇದ್ದ ಹಾಗೇ ಇತ್ತು. ಬುದ್ಧಿಯಿದ್ದವರಿಗೆ ಅನುಮಾನ ಬರಬೇಕಿತ್ತು. ನನಗೆ ಹೆಮ್ಮೆ ಬಂತು. ನಮ್ಮಪ್ಪನ ಮಗಳಲ್ಲವೇ, ಎಷ್ಟು ಹಿಡಿತದಿಂದ ಹುಲ್ಲು ಹಾಕುತ್ತಾಳೆ ನೋಡು ಎಂದುಕೊಂಡೆ. ಆ ಊರಿನ ಉಳಿದ ಮೆದೆಗಳೂ ಹಾಗೇ ಇದ್ದವು. ಎಲ್ಲಕ್ಕೂ ಏಳು ವಾರ, ಎಂಟು ವಾರ ಎಂದು ತುಂಬಿದೆ. ಊರು ಹಸಿರಾಯಿತು.

ಪಕ್ಕದ ಊರಿನಲ್ಲಿ ಮೆದೆಗಳೇ ಇರಲಿಲ್ಲ, ಅದು ಕೆಂಪಾಗಿ ಅಲ್ಲಿಗೆ ಲಾರಿ ಹೋಯಿತು. ಅವತ್ತು ಅಕ್ಕನ ಮಗ ಕೇಳಿದ, “ಚಿಕ್ಕಮ್ಮ, ನಮ್ಮೂರಿಗೆ ಲಾರಿ ಬರಲ್ವಾ?”

“ನಿಮ್ಮೂರು ಹಸಿರು ಕಣಪ್ಪ. ಇಷ್ಟೆಲ್ಲ ಮೆದೆ ಇಟ್ಕಂಡು ಲಾರಿ ಬೇಕಾ ನಿಂಗೆ?”

ಅವನು ಏನೋ ಹೇಳಲು ಬಾಯಿ ತೆರೆದ. ಅಕ್ಕ ಒಂದು ನೋಟ ನೋಡಿದಳು, ಅಷ್ಟೆ. ಬಾಯಿ ಮುಚ್ಚಿಕೊಂಡು ಕೊಟ್ಟಿಗೆ ಕಡೆ ಹೋದ. “ಇಲ್ದೋರಿಗೆ ಹೋಗ್ಲಿ ಬುಡು” ಎಂದಳು ಅಕ್ಕ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ ನಾನು!

ಭಾನುವಾರಕ್ಕೆ ಇನ್ನು ಎರಡೇ ದಿನ. ಶುಕ್ರವಾರ ಬೆಳಿಗ್ಗೆ ಅಕ್ಕನ ಅಂಗಳದಲ್ಲಿ ನಿಂತು ಕಳಿಸಿದರೆ ಫೋಟೊ ಹೋಗಲೊಲ್ಲದು. ಸಿಗ್ನಲ್ ಇಲ್ಲ. ಅಕ್ಕ ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಂಪನಿಯವರ ವಂಶವನ್ನೆಲ್ಲ ಬೈಯುತ್ತಾ ತಿಪ್ಪೆ ದಾಟಿದೆ. ಮೆದೆಯ ಹಿಂಬದಿಗೆ ಹೋಗುವ ಕಡೆ ಅಕ್ಕ ಮುಳ್ಳು ಹಾಕಿಸಿದ್ದಳು. ಆನೆ ಕಾಟಕ್ಕೆ ಎಂದಿದ್ದಳು, ನಾನೂ ನಂಬಿ ದನದ ಲೆಕ್ಕವನ್ನೂ ಅಂಗಳದಲ್ಲೇ ಕೇಳಿ ಬರೆದುಕೊಳ್ಳುತ್ತಿದ್ದೆ. ಸೀರೆ ಎತ್ತಿಕೊಂಡು ಮುಳ್ಳು ದಾಟಿ ಮೆದೆ ಸುತ್ತಿ ಹಿಂದಕ್ಕೆ ಬಂದೆ.

ಅಲ್ಲಿ ಮೆದೆ ಇರಲಿಲ್ಲ.

ಮೊದಲು ಏನು ನೋಡುತ್ತಿದ್ದೇನೆ ಎಂದೇ ತಿಳಿಯಲಿಲ್ಲ. ತೊಳೆಯೆಲ್ಲ ಬಿಡಿಸಿಕೊಂಡ ಹಲಸಿನಹಣ್ಣಿನ ಸಿಪ್ಪೆಯ ಹಾಗೆ ದಾರಿಯ ಕಡೆಯ ಒಂದು ಪದರ ಮಾತ್ರ ನಿಂತಿತ್ತು. ಅದು ಬೀಳದ ಹಾಗೆ ಒಳಗಿನಿಂದ ಕಾಫಿ ಕೊಂಬೆ, ಸಿಲ್ವರ್ ಓಕ್ ಮರದ ಗಳ ಆನಿಸಿದ್ದರು. ನಡುನಡುವೆ ಗೋಣಿಚೀಲ. ಹುಲ್ಲಿನ ಪದರ ಒಂದು ಗೇಣು ದಪ್ಪವಿದ್ದೀತು, ಅಷ್ಟೆ. ಸಂದಿಯಿಂದ ಅಂಗಳದ ಬಿಸಿಲು, ನನ್ನ ಸ್ಕೂಟರು ಎಲ್ಲ ಕಾಣುತ್ತಿತ್ತು. ಬುಡದಲ್ಲಿ ಒಂದೆರಡು ಹೊತ್ತಿಗಾಗುವಷ್ಟು ಹುಲ್ಲು ಬಿದ್ದಿತ್ತು. ಅಲ್ಲೇ ಕುಕ್ಕರಿಸಿದೆ.

ಅಯ್ಯೋ, ನನಗೆ ಗೊತ್ತಿಲ್ಲದ ವಿಷಯವಾಗಿದ್ದರೆ ಆ ಮಾತು ಬೇರೆ. ನಮ್ಮ ಕಡೆ ಮೆದೆಯ ಮುಖ ಕೀಳುವುದಿಲ್ಲ. ದಾರಿಗೆ ಕಾಣುವ ಮಗ್ಗುಲು ಮುಖ. ಹುಲ್ಲು ಹಿರಿಯುವುದು ಏನಿದ್ದರೂ ಹಿಂದಿನಿಂದ, ಕೊಟ್ಟಿಗೆಯ ಕಡೆಯಿಂದ. ಹೊಸ ಹುಲ್ಲು ಬರುವ ತನಕ ಮುಖ ಕೆಡಬಾರದು. “ಮುಖಕ್ಕೆ ಕೈ ಹಾಕ್ಬ್ಯಾಡ ಕಣವ್ವ” ಎಂದು ಅಪ್ಪ ಚಿಕ್ಕವಳಿದ್ದಾಗಲೇ ನನ್ನ ಕೈಗೆ ಹೊಡೆದು ಕಲಿಸಿದ್ದ. ಅಂಥ ನಾನು ಹದಿನಾಲ್ಕು ವಾರ ಮುಖವನ್ನೇ ನೋಡಿ, ಮುಖದ ಫೋಟೊ ತೆಗೆದು, ಮುಖಕ್ಕೇ ಎಂಟು ವಾರ ಎಂದು ಬರೆದಿದ್ದೆ. ಫೋಟೊದಲ್ಲಿ ಬಾಗಿಲು ಕಾಣಬೇಕೆಂಬ ನಿಯಮಕ್ಕೆ ದಾರಿಯಲ್ಲಿ ನಿಂತೆ, ನನ್ನ ಬುದ್ಧಿಯೂ ದಾರಿಯಲ್ಲೇ ನಿಂತುಬಿಟ್ಟಿತ್ತು.

“ಅಕ್ಕಾ!” ಎಂದು ಕೂಗಿದ ಕೂಗಿಗೆ ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ನನ್ನ ಮುಖ ನೋಡಲಿಲ್ಲ. ತುಳಿದ ಮುಳ್ಳು ನೋಡಿದಳು.

“ಇಲ್ಗ್ಯಾಕ್ ಬಂದೆ ನೀನು?”

“ಯಾವಾಗ್ನಿಂದ ಹಿಂಗೈತೆ? ಹೇಳು, ಯಾವಾಗ್ನಿಂದ?”

“ಶಿವರಾತ್ರಿಗೇ ಬರಿದಾಗ್ಬುಡ್ತು. ಆಮ್ಯಾಕೆ ಹಲಸಿನ ಸೊಪ್ಪು, ಬಾಳೆದಿಂಡು, ಸಿಕ್ಕಿದ್ದು ಹಾಕ್ದೆ.”

“ನಂಗೊಂದ್ ಮಾತು ಹೇಳಕೇನಾಗಿತ್ತೇ ನಿಂಗೆ? ಒಡಹುಟ್ಟಿದೋಳು ಕಣೇ ನಾನು!”

“ನೀನೇ ಎಂಟು ವಾರ ಅಂದೆ, ಊರೋರೆಲ್ಲ ಕೇಳ್ಸ್ಕಂಡ್ರು. ಆ ಹೆಣ್ಣಿನ ಕಡೆಯೋರ ಕಿವಿಗೂ ಬಿತ್ತು. ಆಮೇಲೆ ನಾನ್ ಹೆಂಗೆ ಇಲ್ಲ ಅನ್ಲಿ?”

ಊರಿನೊಳಕ್ಕೆ ಓಡಿದೆ. ಯಾರ ಅಪ್ಪಣೆಯನ್ನೂ ಕೇಳದೆ ಒಬ್ಬೊಬ್ಬರ ಹಿತ್ತಿಲಿಗೂ ನುಗ್ಗಿದೆ. ಒಂಬತ್ತು ಮೆದೆ ನೋಡಿದೆ, ಒಂಬತ್ತೂ ಹಾಗೇ. ಒಂದರೊಳಗೆ ಮೇಕೆ ಮರಿ ಮಲಗಿತ್ತು. ಇನ್ನೊಂದರೊಳಗೆ ಆ ಮನೆಯವರು ಬಟ್ಟೆ ಒಣಗಲು ಹಾಕಿದ್ದರು. ಬೆವರು ಒರೆಸಿಕೊಳ್ಳುತ್ತಾ ನಿಂತ ನನ್ನನ್ನು ನೋಡಿ ಆ ಮನೆಯ ಯಜಮಾನ, “ಏನ್ ಮೇಡಮ್, ಇವತ್ತು ಹಿಂದ್ಗಡೆ ಬಂದ್ಬುಟ್ರಿ?” ಎಂದ. ಅವನ ಧ್ವನಿಯಲ್ಲಿ ಕುಹಕವಿರಲಿಲ್ಲ. ನನಗೆ ಎಲ್ಲ ಗೊತ್ತಿದ್ದೇ ಹಾಗೆ ಬರೆಯುತ್ತಿದ್ದೇನೆ ಎಂದು ಅವನು ತಿಳಿದಿದ್ದನಂತೆ.

ಬಸ್ ಸ್ಟಾಪಿನ ಹತ್ತಿರ ಸಿಗ್ನಲ್ ಸಿಕ್ಕಿತು. ಕಚೇರಿಯ ಸಾಹೇಬರಿಗೆ ಫೋನ್ ಮಾಡಿ, ಸಾರ್, ತಪ್ಪಾಗಿದೆ, ಊರು ಹಸಿರಲ್ಲ, ಕೆಂಪಿಗಿಂತ ಕೆಂಪು ಎಂದೆ. “ಫೋಟೊದಲ್ಲಿ ಮೆದೆ ಚೆನ್ನಾಗೇ ಇದೆಯಲ್ಲ ಮೇಡಮ್?” ಎಂದರು. ವಿವರಿಸಿದೆ. ಪುಣ್ಯಾತ್ಮ ಬೈಯಲಿಲ್ಲ. ಹಿಂಬದಿಯ ಫೋಟೊ ಕಳಿಸಿ, ಮನೆಯವರು ಪಕ್ಕದಲ್ಲಿ ನಿಂತಿರಬೇಕು, ಸೋಮವಾರ ಮಧ್ಯಾಹ್ನದೊಳಗೆ ಬಂದರೆ ಈ ಸಲದ ಲಾರಿಗೆ ಸೇರಿಸುತ್ತೇನೆ, ತಪ್ಪಿದರೆ ಇನ್ನು ಒಂದು ತಿಂಗಳು ಎಂದರು. ಒಂದು ತಿಂಗಳು ಆ ಊರಿನ ದನ ಬದುಕುವುದಿಲ್ಲ ಎಂದು ಹೇಳಲು ಮೆದೆ ಮೇಡಮ್ ಬೇಕಾಗಿರಲಿಲ್ಲ.

ಆದರೆ ಯಾರೂ ನಿಲ್ಲಲೊಲ್ಲರು. ಬರಿದಾದ ಮೆದೆಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದೆಂದರೆ ಮರ್ಯಾದೆಯ ಪ್ರಶ್ನೆ. “ನಿಮ್ಮಕ್ಕ ನಿಂತ್ರೆ ನಾವೂ ನಿಲ್ತೀವಿ” ಎಂದರು ಎಲ್ಲರೂ. ಅಕ್ಕನ ಕಾಲು ಹಿಡಿಯುವುದೊಂದು ಬಾಕಿ. ಅವಳು ಮಾತ್ರ ಜಗ್ಗಲಿಲ್ಲ.

“ಫೋನಲ್ಲಿ ಬಿದ್ದಿದ್ದು ಹತ್ತೂರು ಸುತ್ತುತ್ತೆ. ಭಾನುವಾರ ಕಳೀಲಿ. ಸೋಮವಾರ ಬೆಳಿಗ್ಗೆ ನಾನೇ ನಿಂತ್ಕತೀನಿ. ನನ್ ಮಗನ ಬಾಳು ಕಣೆ.”

“ಹಸು ಸೋಮವಾರದವರ್ಗೂ ಏನ್ ತಿನ್ನುತ್ತೆ?”

“ಬುಡದಾಗಿರೋದು ಎರಡು ದಿನಕ್ಕಾಯ್ತದೆ” ಎಂದು ಹಿಟ್ಟಿನ ಕೈ ಕೊಡವಿಕೊಂಡು ಒಳಗೆ ಹೋದಳು.

ಭಾನುವಾರ ನಾನೂ ಹೋದೆ. ಹೆಣ್ಣಿನ ಕಡೆಯಿಂದ ನಾಲ್ವರು ಬಂದರು. ಹಿರಿಯರೆಂದರೆ ಹುಡುಗಿಯ ದೊಡ್ಡಪ್ಪ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಕಾರಿನಿಂದ ಇಳಿದವರೇ ಅಂಗಳದಲ್ಲಿ ನಿಂತು ಮೆದೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. “ಮೆದೆ ಚೆನ್ನಾಗೈತೆ” ಎಂದರು. ಅಕ್ಕ ಸೆರಗು ಸರಿ ಮಾಡಿಕೊಂಡಳು. ನಾನು ನೆಲ ನೋಡುತ್ತಾ ನಿಂತೆ. ಅವರು ನನ್ನನ್ನೂ ಗುರುತು ಹಿಡಿದು, “ನೀವು ನಮ್ಮೂರಿಗೂ ಬರ್ತೀರಲ್ವಾ ಮೇಡಮ್?” ಎಂದರು. ಹೂಂ ಎಂದೆ.

ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಅಕ್ಕ ಕಾಫಿ ತಟ್ಟೆ ಹಿಡಿದು ಹೊರಗೆ ಬರುವ ಹೊತ್ತಿಗೆ ಅವಳ ಮಗ ಕೊಟ್ಟಿಗೆಯಿಂದ ಬಂದ. ಮುಖ ಬಿಳಿಚಿಕೊಂಡಿತ್ತು. ತಾಯಿಯ ಕಿವಿಯ ಹತ್ತಿರ, “ಕೆಂದು ಬಿದ್ಬುಟ್ಟೈತೆ ಕಣವ್ವ.. ಎಷ್ಟ್ ಎಬ್ಬಿಸಿದ್ರೂ ಏಳ್ತಿಲ್ಲ. ಹಾಕಕ್ಕೆ ಏನೂ ಇಲ್ಲ” ಎಂದ. ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಬುಡದ ಹುಲ್ಲು ಎರಡು ದಿನಕ್ಕೂ ಬಂದಿರಲಿಲ್ಲ. ಅಷ್ಟರಲ್ಲಿ ಕೊಟ್ಟಿಗೆಯಿಂದ ಹಸು ನರಳುವುದು ಕೇಳಿತು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಕ್ಕ ಕಾಫಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಜಗುಲಿ ಇಳಿದಳು. ಕೊಟ್ಟಿಗೆಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ಅಂಗಳ ದಾಟಿ, ಮದುವೆಯ ರೇಷ್ಮೆ ಸೀರೆಯಲ್ಲಿ, ನೆಟ್ಟಗೆ ಮೆದೆಯ ಮುಂದೆ ಹೋಗಿ ನಿಂತಳು. ಎರಡೂ ಕೈ ಹಾಕಿ ಮೆದೆಯ ಮುಖ ಕಿತ್ತಳು.

ಒಂದು ತೆಕ್ಕೆ ಮಗನ ಕೈಗೆ ಕೊಟ್ಟಳು, ಅವನು ಓಡಿದ. ಎರಡನೆಯ ತೆಕ್ಕೆ ಕಿತ್ತಳು. ಮೂರನೆಯದಕ್ಕೆ ಕೈ ಹಾಕಿದಾಗ ಒಳಗಿನ ಗಳವೊಂದು ಜಾರಿತು. ಅಕ್ಕ ಹಿಂದಕ್ಕೆ ಹಾರಿದಳು. ಇಡೀ ಮುಖ ದುಬ್ಬೆಂದು ಅಂಗಳಕ್ಕೆ ಬಿತ್ತು. ದೂಳಿಗೆ ಎಲ್ಲರೂ ಕೆಮ್ಮಿದೆವು. ದೂಳು ಇಳಿದಾಗ ನಾಲ್ಕು ಗಳ, ಮೂರು ಗೋಣಿಚೀಲ, ಹಿಂದಿನ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಬಿದ್ದ ಹಸು ಎಲ್ಲ ಜಗುಲಿಗೇ ಕಾಣುತ್ತಿತ್ತು.

“ಏನ್ ಕಣ್ ಕಣ್ ಬುಡ್ತಾ ನಿಂತಿದ್ದೀಯ?” ಎಂದಳು ಅಕ್ಕ, ನನ್ನನ್ನೇ ನೋಡಿ. “ಹಿಡ್ಕ ಫೋಟೊ. ಈಗ ಹಿಡ್ಕ.”

ಆ ನಾಲ್ಕು ಗಳದ ಪಕ್ಕ ಹೋಗಿ ನಿಂತಳು. ತಲೆಯ ತುಂಬ ಹುಲ್ಲು. ನಾನು ಕಾಫಿ ತಟ್ಟೆಯನ್ನು ಜಗುಲಿಯ ಮೇಲಿಟ್ಟು ಫೋಟೊ ತೆಗೆದೆ. ಸದ್ದಿಗೆ ಅಕ್ಕಪಕ್ಕದವರು ಬೇಲಿಯ ಹತ್ತಿರ ಸೇರಿದ್ದರು. “ಬನ್ನಿ ಮೇಡಮ್, ನಮ್ದೂ ತೆಗೀರಿ” ಎಂದು ಒಬ್ಬ ಕರೆದ, ಅವನ ಹಿಂದೆ ಇನ್ನೊಬ್ಬಳು.

ಹುಡುಗಿಯ ದೊಡ್ಡಪ್ಪ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಎದ್ದರು. ಬಿದ್ದ ಹುಲ್ಲಿನಲ್ಲಿ ಒಂದು ದೊಡ್ಡ ತೆಕ್ಕೆ ಎತ್ತಿಕೊಂಡು ತಾವೇ ಕೊಟ್ಟಿಗೆಗೆ ಹೋದರು. ಅಕ್ಕನ ಮಗನ ಜೊತೆ ಹಸುವಿನ ಹೊಟ್ಟೆಯ ಕೆಳಗೆ ಗೋಣಿಚೀಲ ಕೊಟ್ಟು ಎತ್ತಿ ನಿಲ್ಲಿಸಲು ಕೈ ಹಾಕಿದರು. ಎರಡು ಸಲ ಕುಸಿಯಿತು, ಮೂರನೆಯ ಸಲ ನಿಂತಿತು. ಹೊರಡುವಾಗ ಸಂಬಂಧದ ಮಾತೆತ್ತಲಿಲ್ಲ. ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು.

“ನಮ್ಮನೇದೂ ಫೋಟೊ ಐತೆ ನಿಮ್ ತಾವ. ಆರು ವಾರ ಅಂತ ಬರ್ಕಂಡಿದ್ರಿ. ಇನ್ನೊಂದ್ಸಲಿ ಬನ್ನಿ ಮೇಡಮ್. ಹಿತ್ಲು ಕಡೆಯಿಂದ ಬನ್ನಿ.”

ಸೋಮವಾರ ಬೆಳಗಾಗುವ ಮೊದಲೇ ಅವರ ಊರಿಗೆ ಹೋದೆ. ಎರಡು ಊರೂ ಮಧ್ಯಾಹ್ನಕ್ಕೆ ಕೆಂಪಾದವು. ಗುರುವಾರ ಲಾರಿ ಬಂತು. ಕೆಂದು ಹಸು ಅವತ್ತು ತಾನಾಗೇ ಎದ್ದು ನಿಂತು ಮೇಯಿತು. ಹೆಣ್ಣಿನ ಕಡೆಯವರು ಮಳೆ ಬೀಳಲಿ, ಆಮೇಲೆ ಕೂತು ಮಾತಾಡೋಣ ಎಂದು ಫೋನ್ ಮಾಡಿದ್ದರು. ಬೇಡ ಎಂದಿರಲಿಲ್ಲ. ನಾನು ಬದುಕಿದೆ ಎಂದುಕೊಂಡೆ.

ಲಾರಿ ಹೋದ ಮೇಲೆ ಅಕ್ಕನ ಜಗುಲಿಯಲ್ಲಿ ಕೂತೆ. ಹಳೇ ಫೋಟೊಗಳಲ್ಲಿ ತಪ್ಪು ಯಾವುವು ಎಂದು ಗುರುತು ಮಾಡಿ ಕಳಿಸಲು ಸಾಹೇಬರು ಹೇಳಿದ್ದರು. ಅಕ್ಕನ ಮನೆಯವೇ ಹದಿನಾಲ್ಕು. ಸಂಕ್ರಾಂತಿಯದರಿಂದ ಒಂದೊಂದೇ ಸರಿಸುತ್ತಾ ಬಂದೆ. ಎಲ್ಲದರಲ್ಲೂ ಮೆದೆ ಒಂದೇ ಥರ. ಪ್ರತಿ ವಾರ ನಾನು ಎರಡು ಬೆರಳಿಟ್ಟು ಹಿಗ್ಗಿಸಿ ನೋಡಿದ್ದು ಅದನ್ನೇ. ಅವತ್ತು ಮೊದಲ ಸಲ ಅದರ ಪಕ್ಕದಲ್ಲಿ ನಿಂತವಳನ್ನು ನೋಡಿದೆ.

ಮೊದಲ ಫೋಟೊದಲ್ಲಿ ಅಕ್ಕನ ಕೆನ್ನೆ ತುಂಬಿಕೊಂಡಿದೆ, ರವಿಕೆಯ ತೋಳು ಬಿಗಿಯಾಗಿದೆ. ಐದನೆಯದರಲ್ಲಿ ಬಳೆಗಳು ಮಣಿಕಟ್ಟಿಗೆ ಜಾರಿವೆ. ಒಂಬತ್ತನೆಯದರಲ್ಲಿ ಅದೇ ರವಿಕೆ ತೋಳಿನಲ್ಲಿ ಜೋಲುತ್ತಿದೆ. ಹದಿನಾಲ್ಕನೆಯದರಲ್ಲಿ ಅವಳ ಕತ್ತಿನ ಮೂಳೆ ದಾರಿಯಲ್ಲಿ ನಿಂತವರಿಗೂ ಕಾಣುವ ಹಾಗಿದೆ. ಹದಿನಾಲ್ಕೂ ಫೋಟೊಗಳ ಕೆಳಗೆ ನನ್ನದೇ ಕೈಯಿಂದ ತುಂಬಿದ ಸಾಲು: ಊಟ ಮೂರು ಹೊತ್ತು. ಬಾನಿಗೆ ಬೀಳುತ್ತಿದ್ದ ಆ ಅಂಬಲಿ ಯಾರ ಪಾಲಿನದು ಎಂದು ನನಗೆ ಆಗ ಹೊಳೆಯಿತು. ಗಟ್ಟಿಯಾಗಿ ಅತ್ತುಬಿಟ್ಟೆ.

ಅಕ್ಕ ಗಾಬರಿಯಿಂದ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. ನಾನು ಫೋನ್ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು.

“ಅವತ್ತು ಸೀರೆ ಸರ್ಯಾಗಿ ಉಟ್ಟಿಲ್ಲ ಕಣೆ, ಅದ್ಕೇ ಹಂಗ್ ಕಾಣ್ತೈತೆ.”

“ನಿನ್ನೆ ಎಷ್ಟೊತ್ತು ಉಂಡೆ?”

“ಮೂರೊತ್ತು. ನಂದಾಯ್ತು, ನೀನ್ ಉಣ್ಣು” ಎಂದು ತಟ್ಟೆಯನ್ನು ನನ್ನ ಮುಂದೆ ಇಟ್ಟಳು.

ನಾನು ಅವಳ ಕೈ ಹಿಡಿದು ಎಳೆದು ಕೂರಿಸಿದೆ. ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳಿದೆ. ಅವಳು ಮುದ್ದೆಯನ್ನೊಮ್ಮೆ ನೋಡಿದಳು. ಆಮೇಲೆ ತುತ್ತು ಮುರಿದಳು. ಅದು ಮುಗಿದ ಮೇಲೆ ಒಳಗೆ ಹೋಗಿ ಇನ್ನೊಂದು ಮುದ್ದೆ ತಂದು ಹಾಕಿದೆ. ಅಕ್ಕ ತಲೆ ಎತ್ತದೆ ಅದನ್ನೂ ಉಂಡಳು.